ಕಲ್ಲು ಓದಿದ ಫೂಟ್ ಸಾಹೇಬರು

ನಮ್ಮ ಶಾಲೆಯ ವಿಜ್ಞಾನದ ಕೋಣೆಯಲ್ಲಿ ಮರದ ಕಪಾಟು ಒಂದಿತ್ತು. ಅದರ ಕೆಳಗಿನ ಖಾನೆ ತುಂಬ ಕಪ್ಪು ಕಲ್ಲುಗಳು. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಅದು ನೆನಪಿರಬಹುದು, ಏಕೆಂದರೆ ಆ ಕಲ್ಲುಗಳನ್ನು ತಂದುಕೊಟ್ಟವರು ನೀವೇ. ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗನೊಬ್ಬನೋ ಹುಡುಗಿಯೊಬ್ಬಳೋ ಎರಡೂ ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದರು: ಗಾತ್ರಕ್ಕೆ ಮೀರಿದ ಭಾರ, ಮೈ ಕಪ್ಪು, ಅಲ್ಲಲ್ಲಿ ಹೊಳಪು. ಇದು ಆಕಾಶದಿಂದ ಬಿದ್ದ ಕಲ್ಲು, ರಾತ್ರಿ ಚುಕ್ಕಿ ಉದುರಿದ್ದನ್ನು ನಮ್ಮ ತಾತ ಕಣ್ಣಾರೆ ನೋಡಿದ್ದಾರೆ ಎಂದು ಹೇಳುತ್ತಿದ್ದರು. ನಾನು ಒಡೆದ ಟೈಲ್ಸ್ ತುಂಡೊಂದನ್ನು ಮಗುಚಿ, ಅದರ ಒರಟು ಬೆನ್ನಿನ ಮೇಲೆ ಆ ಕಲ್ಲನ್ನು ಗೀರಿಸುತ್ತಿದ್ದೆ. ಕೆಂಪು ಗೀರು ಬೀಳುತ್ತಿತ್ತು. ಮಕ್ಕಳ ಮುಖವೂ ಸಣ್ಣಗಾಗುತ್ತಿತ್ತು. ಅದು ನಮ್ಮ ಗುಡ್ಡದ ಹೆಮಟೈಟ್, ಕಬ್ಬಿಣದ ಅದಿರು. ಗೀರು ಕಪ್ಪಾಗಿ ಬಿದ್ದರೆ ಮ್ಯಾಂಗನೀಸ್. ನಾನು ಪಾಠ ಮಾಡಿದಷ್ಟು ವರ್ಷವೂ ಉಲ್ಕೆ ಮಾತ್ರ ಒಂದೂ ಬರಲಿಲ್ಲ.

ಒಮ್ಮೆ ಒಂಬತ್ತನೆಯ ತರಗತಿಯ ಹುಡುಗ ಕಲ್ಲನ್ನು ವಾಪಸು ತೆಗೆದುಕೊಳ್ಳದೆ ಅಲ್ಲೇ ನಿಂತ. ನಮ್ಮ ಗುಡ್ಡದಲ್ಲಿ ಇರುವುದು ಇಂಥ ಕಲ್ಲು, ಹಂಪಿಯಲ್ಲಿ ಇರುವುದು ಬೇರೆ ಕಲ್ಲು ಎಂದು ಮೊದಲು ಬೇರೆ ಮಾಡಿದವರು ಯಾರು ಎಂದು ಕೇಳಿದ. ಆ ದಿನ ನನ್ನಲ್ಲಿ ಉತ್ತರ ಇರಲಿಲ್ಲ. ಗಂಟೆ ಹೊಡೆದದ್ದು ನನ್ನ ಮರ್ಯಾದೆ ಉಳಿಸಿತು. ಸುವರ್ಣ ಮಹೋತ್ಸವದ ಸಂಚಿಕೆಗೆ ಹಿರಿಯರೊಬ್ಬರ ಜೀವನ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ ಆ ಹುಡುಗನ ಪ್ರಶ್ನೆಯೇ ನೆನಪಾಯಿತು. ತಡವಾಗಿಯಾದರೂ ಉತ್ತರ ಕೊಡುತ್ತಿದ್ದೇನೆ. ಅವರ ಹೆಸರು ರಾಬರ್ಟ್ ಬ್ರೂಸ್ ಫೂಟ್.

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಊರಿನಲ್ಲಿ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, 1858ರ ಕೊನೆಗೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಸೇರಿದರು. ಆ ಇಲಾಖೆ ಆರಂಭವಾದದ್ದು 1851ರಲ್ಲಿ, ಥಾಮಸ್ ಓಲ್ಡ್‌ಹ್ಯಾಮ್ ಎಂಬ ಐರಿಷ್ ವಿಜ್ಞಾನಿಯ ಕೈಕೆಳಗೆ. ಸರಕಾರಕ್ಕೆ ಮುಖ್ಯವಾಗಿ ಬೇಕಿದ್ದದ್ದು ಕಲ್ಲಿದ್ದಲು. ರೈಲು ಬರುತ್ತಿತ್ತು, ಉಗಿಹಡಗು ಓಡಾಡುತ್ತಿದ್ದವು, ಒಲೆಗೆ ಸೌದೆ ಹುಡುಕುವಂತೆ ಇದ್ದಲು ಹುಡುಕಬೇಕಿತ್ತು. ಓಲ್ಡ್‌ಹ್ಯಾಮ್ ಮಾತ್ರ ದೇಶದ ನೆಲವನ್ನೆಲ್ಲ ಮೊದಲು ತಿಳಿಯಬೇಕು, ನಕ್ಷೆ ಬರೆಯಬೇಕು, ಇದ್ದಲು ಆ ನಕ್ಷೆಯಲ್ಲೇ ಸಿಗುತ್ತದೆ ಎನ್ನುವ ಪಂಗಡದವರು. ಫೂಟರನ್ನು ಮದ್ರಾಸ್ ಪ್ರಾಂತ್ಯಕ್ಕೆ ಹಾಕಿದರು. ಅಲ್ಲಿಂದ ಮೂವತ್ಮೂರು ವರ್ಷ, ಮಳೆ ನಿಂತ ಮೇಲೆ ಹೊರಟು ಬೇಸಗೆ ಸುಡುವವರೆಗೆ ಡೇರೆಯಲ್ಲಿ, ಕುದುರೆಯ ಮೇಲೆ, ಕಾಲ್ನಡಿಗೆಯಲ್ಲಿ ಅವರ ಸಂಸಾರ. ಸಾಮಾನು ಹೊತ್ತ ಗಾಡಿಯವರು, ದಾರಿ ತೋರಿದ ಊರಿನವರು, ಮಾತು ತಿಳಿಸಿದ ದುಭಾಷಿಗಳು ಇಲ್ಲದೆ ಈ ಕೆಲಸ ಒಂದು ದಿನವೂ ನಡೆಯುತ್ತಿರಲಿಲ್ಲ. ವರದಿಗಳಲ್ಲಿ ಅಂಥವರ ಹೆಸರು ಹುಡುಕಿದರೆ ಸಿಗುವುದು ಅಪರೂಪ. ಆ ಕಾಲದ ಎಲ್ಲ ಸಾಹೇಬರಂತೆ ಫೂಟರದೂ ಇದೊಂದು ಕೊರತೆ ಎಂದು ನಾನು ಎಣಿಸುತ್ತೇನೆ.

ಅವರ ಹೆಸರು ಲೋಕಕ್ಕೆ ಗೊತ್ತಾದದ್ದು ಒಂದು ಕಲ್ಲಿನಿಂದ. 1863ರ ಮೇ 30ರಂದು ಮದ್ರಾಸಿನ ಪಕ್ಕದ ಪಲ್ಲಾವರಂನಲ್ಲಿ ಜಂಬಿಟ್ಟಿಗೆಯ ಗರಸು ತೆಗೆದ ಗುಂಡಿಯೊಂದರ ಬಳಿ ಅವರಿಗೆ ಕೈಗೆ ಒಪ್ಪುವ ಒಂದು ಕಲ್ಲು ಸಿಕ್ಕಿತು. ಗಟ್ಟಿ ಬೆಣಚುಶಿಲೆ, ಅಂದರೆ ಕ್ವಾರ್ಟ್‌ಜೈಟ್. ಎರಡೂ ಬದಿ ಚಕ್ಕೆ ಎದ್ದಿದ್ದವು. ನೀರು ಉರುಳಿಸಿದ ಕಲ್ಲಾದರೆ ಅಂಚು ನುಣುಪಾಗುತ್ತದೆ, ಬಿಸಿಲಿಗೆ ಸಿಡಿದದ್ದಾದರೆ ಚಕ್ಕೆ ಹೇಗೆಂದರೆ ಹಾಗೆ ಏಳುತ್ತದೆ. ಇದು ಎರಡೂ ಅಲ್ಲ, ಬೇಕೆಂದು ಬಡಿದು ಮಾಡಿದ್ದು. ನಾಲ್ಕು ವರ್ಷದ ಹಿಂದಷ್ಟೇ, 1859ರಲ್ಲಿ, ಫ್ರಾನ್ಸಿನ ಸೋಮ್ ನದಿಯ ದಂಡೆಯಲ್ಲಿ ಸಿಕ್ಕಿದ್ದ ಇಂಥವೇ ಕಲ್ಲುಗಳನ್ನು ಮನುಷ್ಯನ ಕೈಕೆಲಸ ಎಂದು ಯುರೋಪಿನ ಪಂಡಿತರು ಒಪ್ಪಿದ್ದರು. ಭಾರತದಲ್ಲಿಯೂ ಹಳೆಯ ಶಿಲಾಯುಗದ ಮನುಷ್ಯ ಇದ್ದ ಎಂಬುದಕ್ಕೆ ಪಲ್ಲಾವರಂನ ಕಲ್ಲು ಮೊದಲ ಸಾಕ್ಷಿಯಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಹೋಗಿ ಅತ್ತಿರಂಪಾಕ್ಕಂ ಎಂಬಲ್ಲಿ ಇಂಥ ಕಲ್ಲುಗಳನ್ನು ಹೇರಳವಾಗಿ ಕಂಡರು. ಇಂದಿನ ವಿಜ್ಞಾನಿಗಳು ಅತ್ತಿರಂಪಾಕ್ಕಂನ ಹಳೆಯ ಪದರಕ್ಕೆ ಸುಮಾರು ಹದಿನೈದು ಲಕ್ಷ ವರ್ಷದ ವಯಸ್ಸು ಕೊಟ್ಟಿದ್ದಾರೆ. ಫೂಟರಿಗೆ ಆ ಲೆಕ್ಕ ಗೊತ್ತಾಗುವ ದಾರಿಯೇ ಇರಲಿಲ್ಲ. ಬಹಳ ಹಳೆಯದು ಎಂದಷ್ಟೇ ಗೊತ್ತಿತ್ತು. ಆಗ ಅವರಿಗೆ ಇಪ್ಪತ್ತೆಂಟು ವರ್ಷ.

ನಮ್ಮ ಕಡೆಗೆ ಬರುವ ಮುಂಚೆ ಅವರು ಬೆಳಗಾವಿ, ಧಾರವಾಡ, ಕಲಾದಗಿ ಸೀಮೆಗಳನ್ನು ಸುತ್ತಿದರು. ಮಲಪ್ರಭೆ, ಘಟಪ್ರಭೆಗಳ ದಂಡೆಯಲ್ಲಿ ಮತ್ತೆ ಹಳೆಯ ಕಲ್ಲಾಯುಧಗಳು ಸಿಕ್ಕವು. ಬಾದಾಮಿಯ ಕೆಂಪು ಮರಳುಗಲ್ಲು ಸೇರಿದ ಶಿಲಾಸರಣಿಗೆ ಕಲಾದಗಿಯ ಹೆಸರಿಟ್ಟರು. ಆ ಸೀಮೆಯ ವರದಿ 1876ರಲ್ಲಿ ಅಚ್ಚಾಯಿತು. ಅದರಲ್ಲಿ ಒಂದು ವಿಷಯದಲ್ಲಿ ಫೂಟ್ ಎಡವಿದ್ದರು. ಧಾರವಾಡ ಕಡೆಯ ಕಪ್ಪು, ಹಸಿರು ಪದರಶಿಲೆಗಳನ್ನು ತಳದ ನೈಸ್ ಶಿಲೆಯ ಗುಂಪಿನಲ್ಲೇ ಸೇರಿಸಿಬಿಟ್ಟಿದ್ದರು. ಆ ತಪ್ಪನ್ನು ತಿದ್ದಿಕೊಳ್ಳಲು ಅವರಿಗೆ ಸುಮಾರು ಹತ್ತು ವರ್ಷ ಹಿಡಿಯಿತು. ತಿದ್ದಿಕೊಂಡದ್ದು ಬಳ್ಳಾರಿ ಜಿಲ್ಲೆಯಲ್ಲಿ, ನಮ್ಮ ಸಂಡೂರು ಗುಡ್ಡಗಳೂ ಮೈಸೂರು ಸೀಮೆಯ ಚಿನ್ನದ ಗಣಿಗಳೂ ಕಣ್ಣಿಗೆ ಬಿದ್ದ ಮೇಲೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಸಪೇಟೆಯಿಂದ ಕಮಲಾಪುರದ ಕಡೆ ಹೋದರೆ ಕಾಣುವುದು ಬೂದು ಬಣ್ಣದ, ಮಂಕರಿ ಕವಚಿದಂಥ ಗುಂಡುಗಳು. ಒಂದು ಚೂರು ಒಡೆದು ನೋಡಿ. ಬಿಳಿಯ ಗಾಜಿನಂಥ ಬೆಣಚು, ಹಾಲುಬಿಳಿ ಇಲ್ಲವೇ ಗುಲಾಬಿ ಫೆಲ್ಡ್‌ಸ್ಪಾರ್, ಕರಿಯ ಮಿನುಗಿನ ಕಾಗೆಬಂಗಾರ. ಕಣಗಳು ಕಣ್ಣಿಗೆ ಬೇರೆಬೇರೆಯಾಗಿ ಕಾಣುತ್ತವೆ, ಒಂದಕ್ಕೊಂದು ಹಲ್ಲು ಕಚ್ಚಿಕೊಂಡಂತೆ ಇರುತ್ತವೆ. ಅಲ್ಲಿಂದ ಸಂಡೂರಿನ ಕಡೆ ತಿರುಗಿ. ಜಂಬುನಾಥನ ಗುಡ್ಡ ದಾಟುವ ಹೊತ್ತಿಗೆ ನೆಲದ ಬಣ್ಣವೇ ಬೇರೆ. ಗುಂಡುಗಳಿಲ್ಲ. ಉದ್ದಕ್ಕೆ ಗೋಡೆ ಕಟ್ಟಿದಂಥ ಗುಡ್ಡ, ನೆತ್ತಿ ಸಪಾಟು, ಮೈ ತುಂಬ ಹುಲ್ಲು. ಕಲ್ಲು ಒಡೆದರೆ ಒಂದು ಗೆರೆ ಕೆಂಪು, ಒಂದು ಗೆರೆ ಉಕ್ಕಿನ ಬಣ್ಣ, ಮತ್ತೆ ಕೆಂಪು, ಇಳಕಲ್ ಸೀರೆಯ ದಡಿಯ ಹಾಗೆ. ಗಣಿಯಲ್ಲಿ ಕೆಲಸ ಮಾಡಿದ ನಮ್ಮೂರವರು ಇದನ್ನು ಬಿಎಚ್‌ಕ್ಯೂ ಎನ್ನುತ್ತಾರೆ. ಪಟ್ಟೆ ಹೆಮಟೈಟ್ ಬೆಣಚುಶಿಲೆ ಎಂದು ಅದರ ಅರ್ಥ. ಅದರ ನಡುನಡುವೆ ಹಸಿರುಗಪ್ಪಿನ ಹಳೆಯ ಲಾವಾ, ಎಲೆಎಲೆಯಾಗಿ ಸೀಳುವ ಶಿಸ್ಟ್.

ಕಲ್ಲನ್ನು ಗುರುತಿಸುವವರು ಮುಖ್ಯವಾಗಿ ಕೇಳುವುದು ಎರಡು ಪ್ರಶ್ನೆ. ಇದರಲ್ಲಿ ಯಾವ ಖನಿಜಗಳಿವೆ? ಆ ಖನಿಜಗಳ ಕಣಗಳು ಹೇಗೆ ಕೂತಿವೆ? ಎರಡನೆಯದಕ್ಕೆ ನಮ್ಮ ಪುಸ್ತಕದಲ್ಲಿ ಕಣರಚನೆ ಎಂದಿದೆ. ಜೋಳ ಒಂದೇ ಆದರೂ ರೊಟ್ಟಿ ಬೇರೆ, ನುಚ್ಚು ಬೇರೆ, ಸಂಗಟಿ ಬೇರೆ ಆಗುವ ಹಾಗೆ ಅದೇ ಖನಿಜ ಬೇರೆ ರಚನೆಯಲ್ಲಿ ಬೇರೆ ಕಲ್ಲಾಗುತ್ತದೆ. ಇವೆರಡರ ಜೊತೆಗೆ ಫೂಟ್ ಕೇಳಿದ ಮೂರನೆಯ ಪ್ರಶ್ನೆ ಯಾವುದರ ಮೇಲೆ ಯಾವುದು ಕೂತಿದೆ ಎಂಬುದು. ಸಂಡೂರಿನ ಪದರಗಳು ಮಡಿಚಿ ತೊಟ್ಟಿಲಿನಂತೆ ಬಾಗಿವೆ ಎಂದು ಅವರು ಕಂಡರು. ನಾರಿಹಳ್ಳ ಗುಡ್ಡವನ್ನು ಕೊಯ್ದುಕೊಂಡು ಹರಿಯುವ ಓಬಳಗಂಡಿ, ಭೀಮಗಂಡಿಗಳಲ್ಲಿ ನಿಂತರೆ ಬಾಗಿದ ಪದರಗಳು ಇಂದಿಗೂ ಕಾಣುತ್ತವೆ. ಈ ಶಿಲೆಗಳು ನೈಸ್‌ನ ಭಾಗವಲ್ಲ, ಅದರ ಮೇಲೆ ಆಮೇಲೆ ಹರಡಿ, ಮಡಿಚಿ, ಉದ್ದುದ್ದ ಪಟ್ಟಿಗಳಾಗಿ ಉಳಿದ ಬೇರೆಯದೇ ಸಮೂಹ ಎಂದು ನಿರ್ಧರಿಸಿ, ಅದಕ್ಕೆ ಧಾರವಾಡ ಸಮೂಹ ಎಂದು ಹೆಸರಿಟ್ಟರು. ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಇರುವುದು ಈ ಶಿಲೆಗಳಲ್ಲೇ ಎಂದು 1888ರಲ್ಲಿ ಪ್ರಕಟಿಸಿದರು. ಕೋಲಾರ, ಹಟ್ಟಿ ಎರಡೂ ಈ ಮಾತಿನೊಳಗೇ ಬರುತ್ತವೆ. ಧಾರವಾಡ ಎಂಬ ಕನ್ನಡ ಊರಿನ ಹೆಸರು ಪ್ರಪಂಚದ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಇರುವುದು ಹೀಗೆ. ಬಳ್ಳಾರಿ ಜಿಲ್ಲೆಯ ಪೂರ್ತಿ ವರದಿ, ಸಂಡೂರು ಸಂಸ್ಥಾನವನ್ನೂ ಸೇರಿಸಿ, 1895ರಲ್ಲಿ ಹೊರಬಂತು.

ಈಗ ನಮ್ಮ ಮಕ್ಕಳ ಉಲ್ಕೆಯ ಕಡೆ ಸ್ವಲ್ಪ ಹೋಗಿಬರುತ್ತೇನೆ. ಕತೆ ದಾರಿ ತಪ್ಪಿತು ಎಂದು ಯಾರೂ ಬೇಸರ ಮಾಡಿಕೊಳ್ಳಬಾರದು. ಫೂಟರ ಕಾಲದಲ್ಲೇ ಕನ್ನಡ ನಾಡಿನಲ್ಲಿ ನಿಜವಾಗಿಯೂ ಆಕಾಶದ ಕಲ್ಲುಗಳು ಬಿದ್ದಿವೆ. 1865ರಲ್ಲಿ ಮದ್ದೂರಿನಲ್ಲಿ ಒಂದು, ಮರುವರ್ಷ ಉಡುಪಿಯಲ್ಲಿ ಇನ್ನೊಂದು. ಎರಡೂ ಶಿಲಾ ಉಲ್ಕೆಗಳೇ. ದೇಶದಲ್ಲಿ ಬಿದ್ದ ಉಲ್ಕೆಗಳನ್ನು ಕಲ್ಕತ್ತೆಯಲ್ಲಿ ಕೂಡಿಡುವ ಕೆಲಸಕ್ಕೆ ಕೈಹಾಕಿದವರು ಫೂಟರ ಮೇಲಧಿಕಾರಿ ಓಲ್ಡ್‌ಹ್ಯಾಮ್. ಮದ್ದೂರಿನ ಕಲ್ಲಿಗೆ ಇಂದಿನ ಪಟ್ಟಿಯಲ್ಲಿ ಎಲ್ 5 ಎಂದೂ ಉಡುಪಿಯದಕ್ಕೆ ಎಚ್ 5 ಎಂದೂ ಗುರುತು ಇದೆ. ರೇಷನ್ ಕಾರ್ಡಿನ ನಂಬರಿನಂತೆ ಕಾಣುವ ಈ ಗುರುತಿನಲ್ಲಿ ಅದೇ ಎರಡು ಪ್ರಶ್ನೆಗಳ ಉತ್ತರ ಇದೆ. ಅಕ್ಷರ ಖನಿಜವನ್ನು ಹೇಳುತ್ತದೆ, ಅಂಕಿ ಕಣರಚನೆಯನ್ನು ಹೇಳುತ್ತದೆ.

ಅಕ್ಷರ ಮೊದಲು. ಎಚ್ ಎಂದರೆ ಒಟ್ಟು ಕಬ್ಬಿಣ ಹೆಚ್ಚು ಇರುವ ಗುಂಪು, ತೂಕದಲ್ಲಿ ಹೆಚ್ಚುಕಡಿಮೆ ಕಾಲು ಪಾಲಿಗಿಂತ ಮೇಲೆ. ಎಲ್ ಎಂದರೆ ಕಡಿಮೆ ಇರುವ ಗುಂಪು. ಇನ್ನೂ ಕಡಿಮೆ ಇದ್ದರೆ ಎಲ್ಎಲ್. ಇದನ್ನು ಪತ್ತೆ ಮಾಡುವ ದಾರಿ ಸೊಗಸಾಗಿದೆ. ಉಲ್ಕೆಯಲ್ಲಿ ಕಬ್ಬಿಣ ಎರಡು ವೇಷದಲ್ಲಿ ಇರುತ್ತದೆ. ಒಂದು, ನಿಕ್ಕಲ್ ಬೆರೆತ ಲೋಹದ ಚುಕ್ಕೆಗಳಾಗಿ. ಇನ್ನೊಂದು, ಆಲಿವಿನ್, ಪೈರಾಕ್ಸೀನ್ ಎಂಬ ಖನಿಜಗಳ ಒಳಗೆ ಆಮ್ಲಜನಕದ ಜೊತೆ ಕೂಡಿಕೊಂಡು. ಲೋಹವಾಗಿ ಹೆಚ್ಚು ಇದ್ದರೆ ಖನಿಜದೊಳಗೆ ಕಡಿಮೆ, ಲೋಹ ಕಡಿಮೆಯಾದರೆ ಖನಿಜದೊಳಗೆ ಹೆಚ್ಚು. ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದ್ದ ಪ್ರಯರ್ ಎಂಬ ವಿಜ್ಞಾನಿ 1916ರಲ್ಲಿ ಇದನ್ನು ನಿಯಮವಾಗಿ ಬರೆದಿಟ್ಟರು. ಹೀಗಾಗಿ ಒಂದು ಆಲಿವಿನ್ ಕಣದಲ್ಲಿ ಕಬ್ಬಿಣದ ಪಾಲು ಎಷ್ಟು ಎಂದು ಅಳೆದರೆ ಇಡೀ ಕಲ್ಲಿನ ಗುಂಪು ತಿಳಿದುಬಿಡುತ್ತದೆ. ನೂರಕ್ಕೆ ಹದಿನೆಂಟರ ಆಜುಬಾಜು ಬಂದರೆ ಎಚ್, ಇಪ್ಪತ್ನಾಲ್ಕರ ಆಜುಬಾಜು ಬಂದರೆ ಎಲ್. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡುವ ಲೆಕ್ಕ.

ಅಂಕಿಯ ಸಂಗತಿ ಇನ್ನೂ ಚೆನ್ನ. ಈ ಕಲ್ಲುಗಳನ್ನು ಕಾಗದಕ್ಕಿಂತ ತೆಳ್ಳಗೆ, ಮಿಲಿಮೀಟರಿನ ನೂರನೆಯ ಮೂರು ಭಾಗದಷ್ಟು ದಪ್ಪಕ್ಕೆ ತೇಯ್ದು, ಬೆಳಕು ಹಾಯಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಸಿವೆಗಿಂತ ಸಣ್ಣ ಗುಂಡುಗಳು ಕಾಣುತ್ತವೆ. ಇವಕ್ಕೆ ಕಾಂಡ್ರೂಲ್ ಎಂದು ಹೆಸರು. ಭೂಮಿ ಹುಟ್ಟುವುದಕ್ಕೂ ಮುಂಚೆ, ಸೂರ್ಯನ ಸುತ್ತ ಧೂಳು ಸುತ್ತುತ್ತಿದ್ದಾಗ, ಕರಗಿ ಹನಿಯಾಗಿ ಗಟ್ಟಿಯಾದವು ಇವು. ಭೂಮಿಯ ಯಾವ ಕಲ್ಲಿನಲ್ಲೂ ಇವು ಇಲ್ಲ. ಸಬ್ಬಕ್ಕಿ ಪಾಯಸ ಮಾಡುವವರಿಗೆ ಮುಂದಿನದು ಹೇಳುವುದೇ ಬೇಡ: ಸ್ವಲ್ಪ ಬೆಂದಾಗ ಕಾಳು ಕಾಳು ಬಿಡಿಬಿಡಿಯಾಗಿ ಕಾಣುತ್ತದೆ, ಬೇಯುತ್ತ ಹೋದಂತೆ ಅಂಚು ಕರಗುತ್ತದೆ, ಕೊನೆಗೆ ಕಾಳು ಯಾವುದು ಗಂಜಿ ಯಾವುದು ತಿಳಿಯದು. ಉಲ್ಕೆಯ ತಾಯಿಗ್ರಹದೊಳಗೆ ಬಿಸಿ ಎಷ್ಟು ತಾಗಿತು ಎಂಬುದಕ್ಕೆ ತಕ್ಕಂತೆ ಗುಂಡುಗಳ ಅಂಚು ಉಳಿದಿರುತ್ತದೆ, ಇಲ್ಲವೇ ಅಳಿದಿರುತ್ತದೆ. ಅಂಚು ಚೊಕ್ಕವಾಗಿದ್ದರೆ 3, ಪೂರ್ತಿ ಬೆರೆತಿದ್ದರೆ 6. ಮದ್ದೂರು, ಉಡುಪಿ ಎರಡೂ 5: ಗುಂಡು ಕಾಣುತ್ತದೆ, ಅಂಚು ಮಸುಕು. ಈ ಅಂಕಿಯ ಪದ್ಧತಿ ಬಂದದ್ದು 1967ರಲ್ಲಿ, ವ್ಯಾನ್ ಶ್ಮಸ್ ಮತ್ತು ವುಡ್ ಎಂಬ ಇಬ್ಬರಿಂದ. ಆದ್ದರಿಂದ ಇನ್ನು ಮುಂದೆ ಕಲ್ಲು ತರುವ ಮಕ್ಕಳು ಮೊದಲು ಗೀರು ನೋಡಲಿ. ಕೆಂಪು ಬಿದ್ದರೆ ಅಲ್ಲಿಗೆ ಮುಗಿಯಿತು. ಗೀರೇ ಬೀಳದೆ, ಅಯಸ್ಕಾಂತಕ್ಕೆ ಅಂಟಿ, ಮೇಲೆ ತೆಳ್ಳನೆಯ ಕರಿ ಸಿಪ್ಪೆ ಇದ್ದು, ಒಳಗೆ ಬೂದುಬಣ್ಣದಲ್ಲಿ ಲೋಹದ ಚುಕ್ಕೆಯೂ ಸಣ್ಣ ಗುಂಡುಗಳೂ ಕಂಡರೆ, ದಯವಿಟ್ಟು ಒಡೆಯದೆ ತನ್ನಿ.

ಫೂಟರ ಕತೆಗೆ ಮರಳೋಣ. ನಮ್ಮ ಜಿಲ್ಲೆಯಲ್ಲಿ ಅವರ ಮುಂದೆ ಬಂದ ಅತಿ ಕಷ್ಟದ ಕಲ್ಲು ಆಕಾಶದ್ದೂ ಅಲ್ಲ, ಗುಡ್ಡದ್ದೂ ಅಲ್ಲ. ಅದು ಬೂದಿ. ಬಳ್ಳಾರಿಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ ಬೂದಿಯ ದಿಬ್ಬ ಇರುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಹಂಪಿಯ ಹತ್ತಿರ ನಿಂಬಾಪುರದಲ್ಲಿಯೂ ಒಂದಿದೆ, ವಾಲಿಯನ್ನು ಸುಟ್ಟ ಜಾಗ ಎಂದು ಹೇಳುತ್ತಾರೆ. ಬೇರೆ ಕಡೆ ರಾಕ್ಷಸರ ಮೂಳೆಯ ಬೂದಿ ಎನ್ನುವುದೂ ಉಂಟು. ಈ ದಿಬ್ಬಗಳ ಒಳಗಿನ ವಸ್ತು ವಿಚಿತ್ರ. ಕೆಲವು ಕಡೆ ಮೆತ್ತನೆಯ ಬೂದಿ, ಕೆಲವು ಕಡೆ ಕರಗಿ ಹೆಪ್ಪುಗಟ್ಟಿ ಗುಳ್ಳೆಗುಳ್ಳೆಯಾದ ಗಾಜಿನಂಥ ಕಿಟ್ಟ. ನೋಡಿದ ಕೂಡಲೇ ಜ್ವಾಲಾಮುಖಿ ನೆನಪಾಗಬೇಕು, ಇಲ್ಲವೇ ಕಬ್ಬಿಣದ ಕುಲುಮೆ. ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ 1843ರಲ್ಲೇ ಈ ದಿಬ್ಬಗಳ ಬಗ್ಗೆ ಬರೆದಿದ್ದರು. ಆಮೇಲೆ ರಾಬರ್ಟ್ ಸೀವೆಲ್, ವಿಜಯನಗರದ ಇತಿಹಾಸ ಬರೆದವರು, ನಿಂಬಾಪುರದ ಬೂದಿ ವಿಜಯನಗರದ ಕಾಲದ ದಹನಗಳದು ಎಂದು 1899ರಲ್ಲಿ ವಾದಿಸಿದರು.

ಫೂಟ್ ಒಪ್ಪಲಿಲ್ಲ. ದಿಬ್ಬಗಳಲ್ಲಿ ಸಿಗುವುದು ಏನು ಎಂದು ಅವರು ನೋಡಿದರು. ಉಜ್ಜಿ ನಯಮಾಡಿದ ಕಲ್ಲಿನ ಕೊಡಲಿ, ಬೀಸುವ ಕಲ್ಲು, ಕೈಯಲ್ಲಿ ಮಾಡಿದ ಮಡಕೆಯ ಚೂರು, ದನದ ಮೂಳೆ. ವಿಜಯನಗರದ್ದಾದರೆ ಕಲ್ಲಿನ ಕೊಡಲಿ ಅಲ್ಲಿ ಏನು ಮಾಡುತ್ತಿತ್ತು? ಜ್ವಾಲಾಮುಖಿಯದಾದರೆ ಮೂಳೆ ಎಲ್ಲಿಂದ ಬಂತು? ಇದು ನವಶಿಲಾಯುಗದ ದನಗಾಹಿಗಳ ಬೇಲಿ ಹಾಕಿದ ದೊಡ್ಡಿ, ವರ್ಷವರ್ಷ ರಾಶಿಬಿದ್ದ ಸಗಣಿ ಸುಟ್ಟು ಹೀಗಾಗಿದೆ ಎಂಬ ನಿಲುವಿಗೆ ಅವರು ಬಂದರು. ಸಗಣಿಯ ಬೂದಿ ಜೋರು ಬೆಂಕಿಗೆ ಕರಗಿ ಗಾಜಾಗುತ್ತದೆ ಎಂಬುದನ್ನು ಒಪ್ಪಲು ಓದಿದವರಿಗೆ ಬಹಳ ಕಷ್ಟವಾಯಿತು. ಅವರು ತೀರಿಕೊಂಡು ನಲವತ್ತೈದು ವರ್ಷದ ಮೇಲೆ, 1957ರಲ್ಲಿ, ಆಲ್ಚಿನ್ ಎಂಬ ವಿದ್ವಾಂಸರು ಉಟ್ನೂರಿನ ದಿಬ್ಬವನ್ನು ಅಗೆದಾಗ ದೊಡ್ಡಿಯ ಬೇಲಿ ಕಂಬದ ಗುಳಿಗಳೂ ದನದ ಗೊರಸಿನ ಗುರುತುಗಳೂ ಪದರದ ಮೇಲೆ ಪದರ ಸುಟ್ಟ ಸಗಣಿಯೂ ಸಿಕ್ಕವು. ಬೂದಿಯಲ್ಲಿ ರಾಕ್ಷಸರಿರಲಿಲ್ಲ, ನಮ್ಮಂಥವರೇ ಇದ್ದರು, ಎಮ್ಮೆ ದನ ಕಟ್ಟಿಕೊಂಡವರು.

ಬಳ್ಳಾರಿಯ ಪಕ್ಕದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಲ್ಲಿ ಅದೇ ಜನ ಕೊಡಲಿ ತಯಾರಿಸುತ್ತಿದ್ದ ಕಾರ್ಖಾನೆಯೇ ಇತ್ತು. ಗ್ರಾನೈಟ್ ಗುಡ್ಡವನ್ನು ಸೀಳಿಕೊಂಡು ಬಂದ ಡಾಲರೈಟ್ ಎಂಬ ಕರಿಕಲ್ಲಿನ ಪಟ್ಟಿ ಅಲ್ಲಿದೆ. ಅದರ ಕಣ ನುಣ್ಣಗೆ, ಒಂದರೊಳಗೊಂದು ಹೆಣೆದಂತೆ. ಬಡಿದರೆ ಪುಡಿಯಾಗುವುದಿಲ್ಲ, ಉಜ್ಜಿದರೆ ಅಲುಗು ನಿಲ್ಲುತ್ತದೆ. ಗ್ರಾನೈಟಿನಲ್ಲಿ ಕೊಡಲಿ ಮಾಡಲು ಹೋದರೆ ಕಣ ಉದುರಿ ಕೈಯಲ್ಲಿ ಗರಸು ಉಳಿಯುತ್ತದೆ. ಕಣರಚನೆಯ ಪಾಠ ಆ ಜನಕ್ಕೆ ಯಾವ ಶಾಲೆಯೂ ಇಲ್ಲದೆ ಬಂದಿತ್ತು. ಇನ್ನೂ ಹಿಂದಿನ, ಹಳೆಯ ಶಿಲಾಯುಗದ ಆಯುಧಗಳು ಫೂಟರಿಗೆ ಸಂಡೂರು ಗುಡ್ಡದ ಉತ್ತರ ತಪ್ಪಲಿನ ಗಾದಿಗನೂರು ಕಡೆ ಸಿಕ್ಕವು. ಮದ್ರಾಸಿನ ಕಡೆ ಬಳಸಿದ ಬಿಳಿ ಬೆಣಚುಶಿಲೆ ಇಲ್ಲಿ ಇರಲಿಲ್ಲ, ನಮ್ಮ ಪಟ್ಟೆ ಹೆಮಟೈಟ್ ಕಲ್ಲನ್ನೇ ಚಕ್ಕೆ ಎಬ್ಬಿಸಿ ಕೊಡಲಿ ಮಾಡಿಕೊಂಡಿದ್ದರು. ನಮ್ಮ ಗುಡ್ಡದ ಕಲ್ಲಿಗೆ ಮೊದಲ ಗಿರಾಕಿಗಳು ಅವರು, ಜಿಂದಾಲ್ ಅಲ್ಲ ಎಂದು ನಾನು ತರಗತಿಯಲ್ಲಿ ತಮಾಷೆಗೆ ಹೇಳುತ್ತಿದ್ದೆ.

ಕಬ್ಬಿಣದ ವಿಷಯ ಬಂದಾಗ ಒಂದು ಬೇಸರವನ್ನೂ ಹೇಳಿಬಿಡಬೇಕು. ಜಂಬುನಾಥನ ಗುಡ್ಡದ ಅದಿರನ್ನು ಕಮಲಾಪುರದಲ್ಲಿ ಕರಗಿಸಿ ಕಬ್ಬಿನ ಹಾಲು ಕಾಯಿಸುವ ದೊಡ್ಡ ಕೊಪ್ಪರಿಗೆಗಳನ್ನು ಮಾಡುತ್ತಿದ್ದರು. ಕಂಪ್ಲಿ, ಹೊಸಪೇಟೆಯ ಗದ್ದೆಗಳ ಬೆಲ್ಲ ಕುದಿದದ್ದು ಅವುಗಳಲ್ಲೇ. ಫೂಟ್ ಇಲ್ಲಿ ಓಡಾಡಿದ ಕಾಲಕ್ಕೆ ಹಡಗಿನಲ್ಲಿ ಬಂದ ಅಗ್ಗದ ಇಂಗ್ಲಿಷ್ ಕಬ್ಬಿಣ ಆ ಕುಲುಮೆಗಳ ಬೆಂಕಿಯನ್ನು ಒಂದೊಂದಾಗಿ ಆರಿಸುತ್ತಿತ್ತು. ಸಂಡೂರಿನ ಹೆಮಟೈಟ್ ಎಷ್ಟು ಶ್ರೀಮಂತ ಎಂದು ಬರೆದವರು ಫೂಟ್. ಆ ಶ್ರೀಮಂತಿಕೆ ನಮ್ಮ ಕುಲುಮೆಯವರಿಗೆ ಸಿಗಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊರಗಿನ ಕಂಪನಿ ಮ್ಯಾಂಗನೀಸ್ ತೆಗೆಯಲು ಬಂತು, ಆಮೇಲೆ ದೋಣಿಮಲೈ, ಆಮೇಲೆ ನಾವೆಲ್ಲ ಕಣ್ಣಾರೆ ಕಂಡ ಕೆಂಪು ಧೂಳಿನ ವರ್ಷಗಳು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದ್ದು. ಯಶವಂತನಗರದ ರೈಲು ನಿಲ್ದಾಣದಲ್ಲಿ ಅದಿರಿನ ವ್ಯಾಗನ್ನು ನೋಡುತ್ತ ಬೆಳೆದ ಮಕ್ಕಳಿಗೆ ಇದನ್ನು ನಾನು ವಿವರಿಸಬೇಕಿಲ್ಲ. ತಪ್ಪೆಲ್ಲ ನಕ್ಷೆ ಬರೆದವರದು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಸರಕಾರ ಅವರಿಗೆ ಸಂಬಳ ಕೊಟ್ಟದ್ದು ಕೊಡಲಿ ಹುಡುಕಲು ಅಲ್ಲ, ಅದಿರು ಹುಡುಕಲು ಎಂಬುದನ್ನು ಮರೆಯುವುದಕ್ಕೂ ಆಗದು.

ಮನೆಯ ಸಂಗತಿ ಚುಟುಕಾಗಿ ಹೇಳುತ್ತೇನೆ. ಮೊದಲ ಹೆಂಡತಿ ತೀರಿಕೊಂಡ ಮೇಲೆ ಫೂಟ್ ಎಲೈಜಾ ಪರ್ಸಿವಲ್ ಅವರನ್ನು ಮದುವೆಯಾದರು. ಮಾವ ಪೀಟರ್ ಪರ್ಸಿವಲ್ ತಮಿಳು ಪಂಡಿತರು, ತಮಿಳು ಗಾದೆಗಳನ್ನು ಸಂಗ್ರಹಿಸಿದವರು. ಒಬ್ಬರು ಗಾದೆ ಕೂಡಿಹಾಕಿದರೆ ಇನ್ನೊಬ್ಬರು ಕಲ್ಲು ಕೂಡಿಹಾಕಿದರು. ಮಗ ಹೆನ್ರಿ ಸೈನ್ಯದಲ್ಲಿದ್ದರು. 1884ರಲ್ಲಿ ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳನ್ನು ತಂದೆಯ ಜೊತೆ ಅಗೆದು ಪ್ರಾಚೀನ ಪ್ರಾಣಿಗಳ ಮೂಳೆ ತೆಗೆದವರು ಅವರೇ. 1891ರಲ್ಲಿ ಸರ್ವೇಕ್ಷಣ ಇಲಾಖೆಯಿಂದ ನಿವೃತ್ತರಾದ ಮೇಲೆಯೂ ಫೂಟ್ ಸುಮ್ಮನೆ ಕೂರಲಿಲ್ಲ. ಬರೋಡ ಸಂಸ್ಥಾನಕ್ಕೆ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು.

ಇಲ್ಲೊಂದು ವಿಪರ್ಯಾಸ. ಅವರ ನಂತರ ಆ ಇಲಾಖೆಯ ಹೊಣೆ ಹೊತ್ತ ಸ್ಮೀತ್ ಮತ್ತು ಅವರ ಜೊತೆಗಾರರು ಫೂಟರ ಮಾತನ್ನು ತಲೆಕೆಳಗು ಮಾಡಿದರು. ಧಾರವಾಡ ಶಿಲೆಗಳೇ ಎಲ್ಲಕ್ಕಿಂತ ಹಳೆಯವು, ನೈಸ್ ಆಮೇಲೆ ಕೆಳಗಿನಿಂದ ಕರಗಿ ನುಗ್ಗಿ ಬಂದದ್ದು ಎಂದರು. ಮೈಸೂರಿನಲ್ಲಿ ಬಹಳ ಕಾಲ ಅದೇ ಮಾತು ನಡೆಯಿತು. ಕಲ್ಲಿನೊಳಗಿನ ವಿಕಿರಣದಿಂದ ವಯಸ್ಸು ಅಳೆಯುವ ವಿದ್ಯೆ ಬಂದ ಮೇಲೆ ಕರ್ನಾಟಕದ ನೈಸ್‌ನಲ್ಲಿ ಮುನ್ನೂರ ಮೂವತ್ತು ಕೋಟಿ ವರ್ಷದವೂ ಇವೆ, ಧಾರವಾಡದ ಶಿಲೆಗಳು ಹೆಚ್ಚಾಗಿ ಮುನ್ನೂರು ಕೋಟಿಯಿಂದ ಈಚಿನವು ಎಂದು ಗೊತ್ತಾಯಿತು. ಅಷ್ಟರಮಟ್ಟಿಗೆ ಫೂಟ್ ಗೆದ್ದರು. ಪೂರ್ತಿ ಅಲ್ಲ. ನಮ್ಮ ಸಂಡೂರು ಪಟ್ಟಿಯ ಅಂಚಿನಲ್ಲಿ ಗ್ರಾನೈಟ್ ಆಮೇಲೆಯೇ ನುಗ್ಗಿರುವುದು ಕಾಣುತ್ತದೆ, ಗುಡ್ಡದ ಮಡಿಕೆಯೂ ಒಂದು ತೊಟ್ಟಿಲಿನಷ್ಟು ಸರಳವಾಗಿಲ್ಲ. ಸ್ಮೀತರ ಮಾತಿಗೂ ಅಲ್ಲಿ ಸ್ವಲ್ಪ ಜಾಗ ಉಳಿದಿದೆ. ಬಯಲಿನಲ್ಲಿ ಸುತ್ತಿಗೆ, ಮಸೂರ, ಕಾಲು ಇವುಗಳ ಬಲದ ಮೇಲೆ ನಿರ್ಧರಿಸಿದ ಮನುಷ್ಯನಿಗೆ ಇಷ್ಟು ಸರಿ ಸಿಕ್ಕಿದ್ದೇ ದೊಡ್ಡದು ಎಂದು ನನ್ನ ಅಭಿಪ್ರಾಯ.

ಕೊನೆಯ ವರ್ಷಗಳನ್ನು ಅವರು ಸೇಲಂ ಬಳಿಯ ಯೇರ್ಕಾಡ್ ಬೆಟ್ಟದ ಮನೆಯಲ್ಲಿ ಕಳೆದರು. ನಲವತ್ತು ವರ್ಷ ಕೂಡಿಹಾಕಿದ ಆಯುಧ, ಮಡಕೆ, ಬಳೆ ಚೂರುಗಳು ಮನೆ ತುಂಬಿದ್ದವು. 450ಕ್ಕೂ ಹೆಚ್ಚು ಜಾಗಗಳಿಂದ ತಂದವು, ಬಹುಪಾಲು ದಕ್ಷಿಣ ಭಾರತದವು, ಅದರಲ್ಲಿ ಬಳ್ಳಾರಿ ಜಿಲ್ಲೆಯ ಪಾಲು ದೊಡ್ಡದು. 1904ರಲ್ಲಿ ಮದ್ರಾಸ್ ಸರಕಾರ ಆ ಸಂಗ್ರಹವನ್ನು ಕೊಂಡು ಎಗ್ಮೋರಿನ ವಸ್ತುಸಂಗ್ರಹಾಲಯಕ್ಕೆ ಸೇರಿಸಿತು. ಎಪ್ಪತ್ತು ದಾಟಿದ ಫೂಟ್ ಆ ಒಂದೊಂದು ಕಲ್ಲಿಗೂ ಪಟ್ಟಿ ಬರೆಯಲು ಕೂತರು. ಎಲ್ಲಿ ಸಿಕ್ಕಿತು, ಯಾವ ಕಲ್ಲು, ಯಾವ ಕೆಲಸದ್ದು. ಹಳೆಯ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ದೊಡ್ಡ ಅಂತರ ಇದೆ ಎಂದು ಅವರಿಗೆ ಕಾಣುತ್ತಿತ್ತು. ಆ ಅಂತರವನ್ನು ತುಂಬುವ ಸಂಗತಿಗಳು ದೊರೆತದ್ದು ಬಹಳ ತಡವಾಗಿ.

1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಫೂಟ್ ತೀರಿಕೊಂಡರು. ಅವರ ಬೂದಿಯನ್ನು ಯೇರ್ಕಾಡಿನ ಇಗರ್ಜಿಯ ಅಂಗಳಕ್ಕೆ ತಂದು ಇಟ್ಟರು. ಪಟ್ಟಿಯ ಮೊದಲ ಸಂಪುಟ 1914ರಲ್ಲಿ, ಎರಡನೆಯದು 1916ರಲ್ಲಿ ಅಚ್ಚಾದವು. ಎರಡನ್ನೂ ಅವರು ನೋಡಲಿಲ್ಲ.

ಅವರ ಹೆಸರಿನ ವಸ್ತುಸಂಗ್ರಹಾಲಯ ಈಗ ಬಳ್ಳಾರಿಯಲ್ಲೇ ಇದೆ, ಸಂಗನಕಲ್ಲಿನ ಕೊಡಲಿಗಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಕುಪ್ಪಗಲ್ಲಿನ ಗುಡ್ಡಕ್ಕೂ ಹೋಗಿಬನ್ನಿ, ಬಡಿದರೆ ಗಂಟೆಯಂತೆ ದನಿ ಕೊಡುವ ಕರಿಗುಂಡುಗಳೂ ಅವುಗಳ ಮೇಲೆ ಕುಟ್ಟಿ ಮೂಡಿಸಿದ ಗೂಳಿಗಳ ಚಿತ್ರಗಳೂ ಅಲ್ಲಿವೆ. ಗ್ರಾನೈಟ್ ಕ್ವಾರಿಯವರು ಒಂದು ಬದಿಯನ್ನು ಆಗಲೇ ಕೊರೆದಿದ್ದಾರೆ. ಹೋಗುವವರು ಬೆಳಗಿನ ಬಸ್ಸಿಗೇ ಹೊರಡುವುದು ಒಳ್ಳೆಯದು, ಹತ್ತು ಗಂಟೆಯ ಮೇಲೆ ಆ ಕಲ್ಲುಗಳ ಮೇಲೆ ಕಾಲಿಡಲಾಗುವುದಿಲ್ಲ.